ಮೊದಲ ಶನಿವಾರದ ಬಸ್ಸು

ಅವರನ್ನು ಹೂಳುವಾಗ ಗುಂಡಿಗೆ ಅವರ ತಮ್ಮ ಮಣ್ಣು ಹಾಕಲಿಲ್ಲ ಎಂದು ಭದ್ರಾವತಿಯಲ್ಲಿ ಈಗಲೂ ಹೇಳುವವರಿದ್ದಾರೆ. ಹಾಕಿದ, ನಾವೇ ಕಣ್ಣಾರೆ ಕಂಡೆವು ಎನ್ನುವವರೂ ಇದ್ದಾರೆ. ನಾನು ಗುಂಡಿಯಿಂದ ಹೆಚ್ಚು ದೂರ ಇರಲಿಲ್ಲ. ತಮ್ಮ ಓಡಿ ಬಂದದ್ದು, ಚಪ್ಪಲಿ ಕಳಚಿದ್ದು, ಬಗ್ಗಿ ಹಿಡಿ ತುಂಬ ಮಣ್ಣು ಎತ್ತಿಕೊಂಡದ್ದು, ಇಷ್ಟನ್ನು ನೋಡಿದ್ದೇನೆ. ಅಷ್ಟರಲ್ಲಿ ಸಲಿಕೆ ಹಿಡಿದ ಆಳೊಬ್ಬ ನಡುವೆ ಬಂದ. ಅವನು ಪಕ್ಕಕ್ಕೆ ಸರಿದಾಗ ತಮ್ಮನ ಬಲಗೈ ಪ್ಯಾಂಟಿನ ಜೇಬಿನೊಳಗಿತ್ತು.

ಸತ್ತವರ ಬಗ್ಗೆ ಬರೆಯುವಾಗ ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳತೊಡಗಿದರೆ ನನಗೆ ಅನುಮಾನ ಹುಟ್ಟುತ್ತದೆ. ಇಲ್ಲಿ ಆ ಭಯವಿಲ್ಲ. ಇವರ ವಿಷಯದಲ್ಲಿ ಯಾವುದೂ ಸರಿಯಾಗಿ ಕೂಡುವುದಿಲ್ಲ.

ಅವರ ಹೆಸರು ಬೇಡ. ಕಾರ್ಖಾನೆಯ ಫೌಂಡ್ರಿಯಲ್ಲಿ ನಾವೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆವು, ಇಲ್ಲೂ ಹಾಗೇ ಇರಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಡಿಪ್ಲೊಮಾ ಮುಗಿಸಿಕೊಂಡು ಕೆಲಸಕ್ಕೆ ಸೇರಿದಾಗ ನನ್ನನ್ನು ಅವರ ಜೊತೆಗೆ ಹಾಕಿದರು. ಕ್ವಾರ್ಟರ್ಸಿನಲ್ಲೂ ಪಕ್ಕದ ಮನೆ ಸಿಕ್ಕಿತು. ಅವರ ಅಜ್ಜನ ಕಾಲಕ್ಕೇ ತಮಿಳು ಸೀಮೆಯಿಂದ ಕಾರ್ಖಾನೆ ಕೆಲಸಕ್ಕೆಂದು ಬಂದ ಕುಟುಂಬ. ಮನೆಯೊಳಗೆ ಗಂಡ ಹೆಂಡತಿ ಜಗಳವಾಡುವಾಗ ತಮಿಳು, ರಾಜಿಯಾಗುವಾಗ ಕನ್ನಡ. ಗೋಡೆ ತೆಳುವಾಗಿದ್ದರಿಂದ ಯಾವುದು ನಡೆಯುತ್ತಿದೆ ಎಂದು ನಮಗೆ ಅರ್ಥ ಗೊತ್ತಿಲ್ಲದೆಯೂ ತಿಳಿಯುತ್ತಿತ್ತು.

ಅವರ ಕೆಲಸ ಮರಳಿನಲ್ಲಿ ಅಚ್ಚು ಕಟ್ಟುವುದು. ಒದ್ದೆ ಮರಳನ್ನು ಪೆಟ್ಟಿಗೆಗೆ ತುಂಬಿ, ಬಡಿದು ಗಟ್ಟಿಮಾಡಿ, ಅದರೊಳಗಿನ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಮರಳು ಸಡಿಲವಾಗಿದ್ದರೆ ಎರಕ ಕೆಟ್ಟಿತು. ಮೇಸ್ತ್ರಿ ಬಲಗೈ ಹೆಬ್ಬೆರಳಿನಿಂದ ಮರಳನ್ನು ಒತ್ತಿ ನೋಡುವರು. ಗುಳಿ ಬಿದ್ದರೆ "ಇನ್ನೂ ಇದೆ" ಎನ್ನುವರು. ಬಡಿಯುವುದು ಇನ್ನೂ ಇದೆ ಎಂದು ಅರ್ಥ. ಬೀಳದಿದ್ದರೆ ಏನೂ ಹೇಳದೆ ಮುಂದಿನ ಪೆಟ್ಟಿಗೆಗೆ ಹೋಗುವರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಎಲ್ಲ ಆ ಬಗೆಯದು. ಆ ಹೆಬ್ಬೆರಳು ಕಾರ್ಖಾನೆಯ ಗೇಟಿನ ಹೊರಗೂ ಸುಮ್ಮನಿರುತ್ತಿರಲಿಲ್ಲ. ಕ್ಯಾಂಟೀನಿನ ಇಡ್ಲಿ, ಬಸ್ಸಿನ ಸೀಟು, ಸಂತೆಯಲ್ಲಿ ಬದನೆಕಾಯಿ, ಎಲ್ಲವನ್ನೂ ಒತ್ತಿ ನೋಡುವರು. ನನ್ನ ಮಗಳು ಹುಟ್ಟಿದಾಗ ತೊಟ್ಟಿಲ ಹತ್ತಿರ ಬಂದು ಅವಳ ಅಂಗಾಲನ್ನು ಮೆಲ್ಲಗೆ ಒತ್ತಿದರು. ಅವರು ಹೋದ ಮೇಲೆ ನನ್ನ ಹೆಂಡತಿ, "ಏನ್ರೀ ಅದು, ಬೆಂದಿದೆಯಾ ಅಂತ ನೋಡಿದ್ರಾ?" ಎಂದಳು.

ಇನ್ನು ತಾಯಿಯ ವಿಷಯ.

ತಾಯಿ ಇದ್ದದ್ದು ಶಿವಮೊಗ್ಗದಲ್ಲಿ, ದುರ್ಗಿಗುಡಿಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದ ಚಿಕ್ಕ ಮಗನ ಮನೆಯಲ್ಲಿ. ಒಂದು ಬೇಸಿಗೆಯ ಬೆಳಗಿನ ಜಾವ ತೀರಿಕೊಂಡರು. ಆ ಸಂಜೆಯೇ ಮಣ್ಣು ಮಾಡಿದರು. ಮೇಸ್ತ್ರಿ ಅಲ್ಲಿಗೆ ತಲುಪುವ ಹೊತ್ತಿಗೆ ಗುಂಡಿ ಮುಚ್ಚಿ, ಮೇಲೆ ಕಡ್ಡಿಯ ಶಿಲುಬೆ ನೆಟ್ಟು, ಜನ ಮನೆಗೆ ಹೋಗಿದ್ದರು. ಕ್ರೈಸ್ತರಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಮೊದಲು ಮಕ್ಕಳು, ಆಮೇಲೆ ಉಳಿದವರು, ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕುತ್ತಾರೆ. ಹಿರಿಮಗನ ಹಿಡಿ ಬೀಳಲಿಲ್ಲ. ಆ ಗುಡ್ಡೆಯ ಮೇಲಾದರೂ ಒಂದು ಹಿಡಿ ಹಾಕಬಹುದಿತ್ತಲ್ಲ ಎಂದು ಒಮ್ಮೆ ಕೇಳಿದೆ. "ಮುಚ್ಚಿದ್ ಮೇಲೆ ಹಾಕೋದು ಮಣ್ಣಲ್ಲ ಮಾರಾಯ, ಧೂಳು" ಎಂದರು. ತಾಯಿಯನ್ನು ಮಣ್ಣು ಮಾಡಿದ ಆ ದಿನ ತಮ್ಮನ ಮನೆಗೂ ಹೋಗದೆ ಕೊನೆಯ ಬಸ್ಸು ಹಿಡಿದು ಬಂದುಬಿಟ್ಟರು.

ತನಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ ಎಂಬುದು ಮೇಸ್ತ್ರಿಯ ಮಾತು. ಸಾಯಂಕಾಲ ಕೆಲಸ ಮುಗಿಸಿ ಮನೆಗೆ ಬಂದು ಮುಖ ತೊಳೆಯುತ್ತಿದ್ದಾಗ ಚರ್ಚಿನ ಯಾರೋ ದಾರಿಯಲ್ಲಿ ಹೋಗುತ್ತಾ ಹೇಳಿದರಂತೆ. ತಮ್ಮ ಹೇಳುವುದು ಬೇರೆ. ಬೆಳಗಿನ ಮೊದಲ ಬಸ್ಸಿಗೇ ಅಂಗಡಿಯ ಆಳನ್ನು ಕಾರ್ಖಾನೆಯ ಗೇಟಿಗೆ ಕಳಿಸಿದ್ದನಂತೆ. ಆಳು ವಾಪಸು ಬಂದು, ಹೇಳಿದ್ದೀನಿ, ಎರಕ ಹೊಯ್ಯೋದಿದೆ, ಮುಗಿಸಿಕೊಂಡು ಬರ್ತಾರಂತೆ ಎಂದನಂತೆ. ಬಿಸಿಲಿನಲ್ಲಿ ಹೆಣ ಇಟ್ಟುಕೊಂಡು ಕಾಯಲಾಗಲಿಲ್ಲ. ಆ ಆಳು ಆಮೇಲೆ ಊರು ಬಿಟ್ಟ. ಕೇಳೋಣವೆಂದರೆ ಅವನಿಲ್ಲ.

ಆ ದಿನ ನಾನು ಫೌಂಡ್ರಿಯಲ್ಲೇ ಇದ್ದೆ. ಮೇಸ್ತ್ರಿಯ ಪಕ್ಕದಲ್ಲೇ ಇದ್ದೆ. ಒಬ್ಬಾತ ಬಂದು ಅವರ ಕಿವಿಯ ಹತ್ತಿರ ಏನೋ ಹೇಳಿದ್ದು, ಅವರು ಕೆಂಪಗೆ ಕರಗಿದ್ದ ಲೋಹದ ಕಡೆಗೆ ಕೈ ತೋರಿಸಿದ್ದು, ಆತ ತಲೆಯಾಡಿಸಿ ಹೋದದ್ದು, ಇದೆಲ್ಲ ನನ್ನ ನೆನಪಿನಲ್ಲಿ ಸ್ಪಷ್ಟವಾಗಿದೆ. ಆದರೆ ನೆನಪಿನ ಆ ಮನುಷ್ಯನ ಕಂಕುಳಲ್ಲಿ ಒದ್ದೆ ಕೊಡೆಯಿದೆ. ತಾಯಿ ತೀರಿಕೊಂಡದ್ದು ಬೇಸಿಗೆಯಲ್ಲಿ. ಹಾಗಾದರೆ ಅದು ಬೇರೆ ದಿನ, ಬೇರೆ ಮನುಷ್ಯ, ಬೇರೆ ಸುದ್ದಿ. ಇಲ್ಲವೇ ಮನುಷ್ಯ ಅವನೇ. ಕೊಡೆ ಮಾತ್ರ ನನ್ನ ತಲೆಯೊಳಗೆ ಆಮೇಲೆ ಬಂದು ಸೇರಿಕೊಂಡಿದೆ. ಮೇಸ್ತ್ರಿ ಒಂದು ಸಲ ನನ್ನನ್ನೇ ಕೇಳಿದರು: "ಆವತ್ತು ನನ್ನ ಹುಡುಕ್ಕೊಂಡು ಯಾರಾದ್ರೂ ಬಂದಿದ್ರಾ?" ನನಗೆ ನಿಜವಾಗಿಯೂ ಗೊತ್ತಿಲ್ಲ ಎಂದೆ. "ನನಗೂ" ಎಂದರು. ಆ ಉತ್ತರ ಆಗ ಮಾತಿಗೆ ಮಾತು ಎನ್ನಿಸಿತ್ತು. ಅದರಲ್ಲಿ ಬೇರೇನೋ ಇದೆ ಎಂದು ಗೊತ್ತಾಗಲು ವರ್ಷಗಳು ಬೇಕಾದವು.

ಅವರ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಎಲ್ಲರೂ ಎದ್ದು ಹೋಗಿ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ ತೆಗೆದುಕೊಂಡು ಬರುತ್ತಾರೆ. ಅದಕ್ಕೆ ಮೊದಲು ಪಾಸ್ಟರ್ ಒಂದು ಮಾತು ಹೇಳುತ್ತಾರೆ: ಅಣ್ಣತಮ್ಮಂದಿರ ಮೇಲೆ ಮನಸ್ಸಿನಲ್ಲಿ ಏನಾದರೂ ಇದ್ದರೆ ಮೊದಲು ಹೋಗಿ ಸರಿಮಾಡಿಕೊಂಡು ಬನ್ನಿ ಎಂದು. ಎಲ್ಲರೂ ಅದನ್ನು ತಲೆತಗ್ಗಿಸಿ ಕೇಳುತ್ತಾರೆ, ಆಮೇಲೆ ಎದ್ದು ಸಾಲಿನಲ್ಲಿ ನಿಲ್ಲುತ್ತಾರೆ. ಮೇಸ್ತ್ರಿ ಕೂತೇ ಇದ್ದರು. ಅವರಿಗೆ ತಮ್ಮನ ಮೇಲೆ ಇತ್ತು. ಸರಿಮಾಡಿಕೊಂಡು ಬಂದಿರಲಿಲ್ಲ. ಹಾಗಾಗಿ ಹೋಗುವಂತಿಲ್ಲ. ಅವರ ಲೆಕ್ಕ ಅಷ್ಟೇ ನೇರ.

ಹಾಗೆ ಶುರುವಾಯಿತು ಮೊದಲ ಶನಿವಾರದ ಬಸ್ಸು. ಭಾನುವಾರ ಆ ಭೋಜನದ ಮೇಜಿಗೆ ಹೋಗಬೇಕೆಂದರೆ ಶನಿವಾರವೇ ತಮ್ಮನನ್ನು ಕ್ಷಮಿಸಿರಬೇಕು. ಮಧ್ಯಾಹ್ನ ಊಟ ಮಾಡಿ, ಬಿಳಿ ಶರ್ಟು ಹಾಕಿಕೊಂಡು, ಭದ್ರಾವತಿಯಿಂದ ಶಿವಮೊಗ್ಗದ ಬಸ್ಸು ಹತ್ತುವರು. ದುರ್ಗಿಗುಡಿಗೆ ನಡೆದುಕೊಂಡು ಹೋಗುವರು. ತಮ್ಮನ ಮನೆಯಲ್ಲಿ ಕಾಫಿ ಕುಡಿಯುವರು. ಕ್ಷಮಿಸಲಾಗದೆ ಸಂಜೆಯ ಬಸ್ಸಿಗೆ ಮರಳುವರು. ಮಾರನೆಯ ದಿನ ಬೆಂಚಿನ ಮೇಲೆ ಕೂತೇ ಇರುವರು. ಮುಂದಿನ ತಿಂಗಳು ಮತ್ತೆ.

ಫೌಂಡ್ರಿಯವರಿಗೆ ಇದೊಂದು ತಮಾಷೆಯಾಯಿತು. ಮೇಸ್ತ್ರಿ ಶಿವಮೊಗ್ಗದಲ್ಲಿ ಯಾರನ್ನ ಇಟ್ಟಿದ್ದೀರಿ ಎಂದು ಒಬ್ಬ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದ. ಅವರು ಇಡ್ಲಿ ಒತ್ತಿ ನೋಡುತ್ತಾ, "ಅಮ್ಮನ್ನ" ಎಂದರು. ಆಮೇಲೆ ಯಾರೂ ಕೇಳಲಿಲ್ಲ.

ನನ್ನ ಊರು ಕುಂಸಿ. ಶನಿವಾರಗಳಲ್ಲಿ ನಾನೂ ಊರಿಗೆ ಹೋಗಲು ಶಿವಮೊಗ್ಗದವರೆಗೆ ಅದೇ ಬಸ್ಸು ಹತ್ತುತ್ತಿದ್ದೆ. ಎರಡು ಮೂರು ಸಲ ಅವರ ಜೊತೆ ತಮ್ಮನ ಮನೆಗೂ ಹೋದೆ. ಮುಂದೆ ಕುಂಸಿ ಬಸ್ಸಿಗೆ ಹೊತ್ತಿತ್ತು, ಅಷ್ಟೆ. ಅಲ್ಲಿ ದೊಡ್ಡ ಮಾತುಗಳು ನಡೆಯುತ್ತವೆ ಎಂದುಕೊಂಡಿದ್ದೆ. ಏನೂ ಇಲ್ಲ. ನೀರು ಬಿಟ್ಟರಾ, ಉಪ್ಪಿನಕಾಯಿ ಹಾಕಿದರಾ, ಕರೆಂಟು ಎಷ್ಟು ಹೊತ್ತು ತೆಗೆಯುತ್ತಾರೆ, ಇಷ್ಟೇ. ತಾಯಿಯ ಫೋಟೋ ಗೋಡೆಯ ಮೇಲಿತ್ತು. ಇಬ್ಬರೂ ಅದಕ್ಕೆ ಬೆನ್ನು ಹಾಕಿ ಕೂರುವಂತೆ ಕುರ್ಚಿಗಳು ಇದ್ದವು. ಬೇಕೆಂದೇ ಹಾಗೆ ಹಾಕಿದ್ದೋ, ಜಾಗ ಸಾಲದೆಯೋ, ನಾನು ಹೇಳಲಾರೆ.

ಹೊರಡುವ ಮೊದಲು ಮಾತ್ರ ಒಂದು ಸಂಗತಿ ನಡೆಯುತ್ತಿತ್ತು. ತಮ್ಮ ಕೊರಳಿನಲ್ಲಿದ್ದ ಟೇಪು ತೆಗೆದು, "ಅಣ್ಣ, ಒಂದ್ನಿಮಿಷ ನಿಂತ್ಕೊಳಿ" ಎನ್ನುವನು. ಮೇಸ್ತ್ರಿ ಎದ್ದು ಕೈ ಎರಡೂ ಅಗಲಿಸಿ ನಿಲ್ಲುವರು. ತಮ್ಮ ಎದೆ, ಸೊಂಟ, ಭುಜ, ತೋಳು ಅಳೆಯುವನು. ಒಂದು ಪ್ಯಾಂಟು ಶರ್ಟು ಹೊಲಿದು ಕೊಡ್ತೀನಿ ಎನ್ನುವನು. ಬೇಡ, ಇದೇ ಇದೆಯಲ್ಲ ಎನ್ನುವರು ಇವರು. ಬಟ್ಟೆ ಯಾವತ್ತೂ ಹೊಲಿಯಲಿಲ್ಲ. ಅಳೆಯುವುದು ಯಾವತ್ತೂ ತಪ್ಪಲಿಲ್ಲ. ಇಬ್ಬರು ಒಬ್ಬರನ್ನೊಬ್ಬರು ಮುಟ್ಟುತ್ತಿದ್ದದ್ದು ಆ ಟೇಪಿನ ನೆಪದಲ್ಲಿ ಮಾತ್ರ.

ಸೋಮವಾರ ಕೆಲಸದಲ್ಲಿ ನಾನು, "ಏನ್ ಮೇಸ್ತ್ರಿ, ಆಯ್ತಾ?" ಎನ್ನುತ್ತಿದ್ದೆ. ಅವರು ಮರಳಿನ ಮೇಲೆ ಹೆಬ್ಬೆರಳು ಒತ್ತಿ, ಗುಳಿ ನೋಡುತ್ತಾ, "ಇನ್ನೂ ಇದೆ" ಎನ್ನುವರು. ಮರಳಿನ ಬಗ್ಗೆ ಹೇಳಿದರೋ ತಮ್ಮನ ಬಗ್ಗೆಯೋ ಎಂದು ನಾನು ಕೇಳುತ್ತಿರಲಿಲ್ಲ.

ಇದರಿಂದ ತೊಂದರೆಯಾದದ್ದು ಅವರ ಹೆಂಡತಿಗೆ. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಗಂಡ ಕೂತಿರುವಾಗ ತಾನೊಬ್ಬಳೇ ಎದ್ದು ಹೋಗುವುದು ಹೇಗೆ ಎಂದು ಅಕ್ಕನೂ ಕೂತಿರುತ್ತಿದ್ದರು. ಒಂದು ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಸೊಪ್ಪು ಸೋಸುತ್ತಾ ನನ್ನ ಹೆಂಡತಿಯ ಮುಂದೆ ಹೇಳಿದರು: "ನೋಡಮ್ಮ, ತಮ್ಮನ್ ಮೇಲೆ ಕೋಪ ಇವರಿಗೆ. ಉಪವಾಸ ನನಗೆ." ಗೋಡೆಯ ಆಚೆಯಿಂದ ಮೇಸ್ತ್ರಿ, "ಕೋಪ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು" ಎಂದರು. "ಕೋಪ ಇಲ್ಲ ಅಂದ್ರೆ ಎದ್ದು ಬನ್ನಿ." "ಕೋಪ ಹೋಗಿದೆ. ಅದು ಹೋಗಿಲ್ಲ." ಅದು ಎಂದರೆ ಏನು ಎಂದು ಅಕ್ಕ ಕೇಳಿದರು. ಮೇಸ್ತ್ರಿ ಒಳಗೆ ನಲ್ಲಿ ತಿರುಗಿಸಿದರು.

ಮುಂದೊಂದು ಭಾನುವಾರ ಅಕ್ಕ ಎದ್ದು ಒಬ್ಬರೇ ಹೋದರು. ತಿರುಗಿ ಬಂದಾಗ ಮೇಸ್ತ್ರಿ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರಂತೆ. ಮನೆಗೆ ಬರುವಾಗ ದಾರಿಯಲ್ಲಿ, ಹೇಗಿತ್ತು ಎಂದು ಕೇಳಿದರಂತೆ, ದೂರದ ಊರಿಗೆ ಹೋಗಿ ಬಂದವರನ್ನು ಕೇಳುವ ಹಾಗೆ. "ರೊಟ್ಟಿ ರೊಟ್ಟಿ ಥರಾನೇ ಇತ್ತು ಅಂದೆ" ಎಂದು ಅಕ್ಕ ನಮಗೆ ಹೇಳಿ ನಕ್ಕರು. ನಗುತ್ತಾ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡರು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ನಗು ಮಾತ್ರ ಕೇಳಿದ್ದೆ.

ಸಭೆಗೆ ಹೊಸ ಪಾಸ್ಟರ್ ಬಂದರು. ವಯಸ್ಸು ಚಿಕ್ಕದು, ಮೋಟರ್ ಬೈಕಿನಲ್ಲಿ ಓಡಾಡುವವರು, ಒಳ್ಳೆಯ ಮನುಷ್ಯ. ಗಂಡಸರಿಗೆಂದೇ ಒಂದು ಕೂಟ ಶುರು ಮಾಡಿ, ವಾರಕ್ಕೊಬ್ಬರ ಮನೆಯಲ್ಲಿ ಸೇರಿಸತೊಡಗಿದರು. ಕ್ರೈಸ್ತ ಗಂಡಸು ತಾಳ್ಮೆಯನ್ನು ಹೇಗೆ ಬೆಳೆಸಿಕೊಳ್ಳಬೇಕು ಎಂಬುದು ಒಂದು ವಾರದ ವಿಷಯ. ಅಂದಿನ ಕೂಟ ಮೇಸ್ತ್ರಿಯ ಮನೆಯಲ್ಲಿ. ಪಕ್ಕದ ಮನೆಯವನೆಂದು ನನ್ನನ್ನೂ ಕೂರಿಸಿದರು. ಒಬ್ಬರು ಕುಡಿತ ಬಿಟ್ಟ ಕತೆ ಹೇಳಿದರು. ಇನ್ನೊಬ್ಬರು ಮಗ ಮೂರನೆಯ ಪ್ರಯತ್ನದಲ್ಲಿ ಪಾಸಾದ ಕತೆ ಹೇಳಿದರು. ಎಲ್ಲ ಕತೆಗಳೂ ಚೆನ್ನಾಗಿ ಮುಗಿದವು, ಎಲ್ಲರೂ ಸ್ತೋತ್ರ ಎಂದರು. ಆಮೇಲೆ ಪಾಸ್ಟರ್, ನಮ್ಮ ಮೇಸ್ತ್ರಿಯವರು ಎರಡು ಮಾತು ಹೇಳಲಿ ಎಂದರು. ಇವರು ಎದ್ದು ನಿಂತರು. ಕೂಟಕ್ಕೆಂದು ಇಟ್ಟಿದ್ದ ಖಾರದ ತಟ್ಟೆಯನ್ನು ನೋಡಿದರು.

"ನನಗೆ ಗೊತ್ತಿರೋದು ಬಸ್ ಹತ್ತೋದೊಂದೇ, ಅಯ್ಯನವರೇ" ಎಂದು ಹೇಳಿ ಕೂತುಬಿಟ್ಟರು.

ಯಾರೂ ಸ್ತೋತ್ರ ಎನ್ನಲಿಲ್ಲ. ಅನ್ನಬೇಕೋ ಬೇಡವೋ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿದರು. ಕೂಟ ಮುಗಿದ ಮೇಲೆ ಪಾಸ್ಟರ್ ಅಲ್ಲೇ ಉಳಿದು, ಮೇಜಿಗೆ ಬನ್ನಿ, ಅದು ಸರಿಯಾದವರಿಗೆ ಇಟ್ಟದ್ದಲ್ಲ, ಅಲ್ಲಿಗೆ ಬಂದ ಮೇಲೇ ಎಲ್ಲ ಸರಿಹೋಗುತ್ತದೆ ಎಂದು ಬಹಳ ಹೊತ್ತು ತಿಳಿಹೇಳಿದರು. ಮೇಸ್ತ್ರಿ ವಿನಯದಿಂದ ಕೇಳಿದರು. ಬಾಯಲ್ಲಿ ಕ್ಷಮಿಸಿದ್ದೇನೆ ಎನ್ನುವುದು ಕಷ್ಟವಲ್ಲ, ಮೇಲೆ ಗಟ್ಟಿಯಾಗಿ ಕಾಣುವ ಮರಳು ಒಳಗೆ ಸಡಿಲವಿದ್ದರೆ ಎರಕ ಹೊಯ್ದಾಗ ಗೊತ್ತಾಗಿಬಿಡುತ್ತದೆ ಎಂದು ಮಾತ್ರ ಹೇಳಿದರು. ಪಾಸ್ಟರ್ ಬೈಕು ಹತ್ತುವಾಗ ನನ್ನ ಕಡೆ ತಿರುಗಿ, ಇದು ತಾಳ್ಮೆಯೋ ಹಟವೋ ಸಾರ್ ಎಂದು ಮೆಲ್ಲಗೆ ಕೇಳಿದರು. ನಾನು ಶೈವರ ಮನೆಯವನು, ನನಗೇನು ಗೊತ್ತಾಗಬೇಕು ಎಂದೆ. ಆದರೆ ಆ ಪ್ರಶ್ನೆ ಅವರ ಬೈಕಿನ ಜೊತೆ ಹೋಗಲಿಲ್ಲ. ಇಲ್ಲೇ ಉಳಿದಿದೆ. ಕ್ಷಮಿಸಲಿಕ್ಕೆಂದು ತಿಂಗಳಿಗೊಮ್ಮೆ ಹೋಗುವವನು ತಿಂಗಳಿಗೊಮ್ಮೆ ಆ ಗಾಯವನ್ನು ಹೊಸದಾಗಿ ಇಟ್ಟುಕೊಳ್ಳುತ್ತಿರುವುದಿಲ್ಲವೇ? ಮರೆತುಬಿಟ್ಟಿದ್ದರೆ ಎಂದೋ ಮುಗಿದುಹೋಗುತ್ತಿತ್ತಲ್ಲವೇ? ಒಂದೊಂದು ದಿನ ಒಂದೊಂದು ಉತ್ತರ ಸರಿ ಎನ್ನಿಸುತ್ತದೆ.

ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯ ಕಾಲ ಬಂತು. ನಾನು ಬಿಟ್ಟು ಶಿವಮೊಗ್ಗದಲ್ಲಿ ಬೇರೆ ಕೆಲಸ ಹಿಡಿದು, ರಾಗಿಗುಡ್ಡದ ಕಡೆ ಮನೆ ಮಾಡಿದೆ. ಅವರು ನಿವೃತ್ತರಾಗಿ ಭದ್ರಾವತಿಯಲ್ಲೇ ಬಾಡಿಗೆ ಮನೆಗೆ ಹೋದರು. ಈಗ ಮೊದಲ ಶನಿವಾರಗಳಲ್ಲಿ ತಮ್ಮನ ಮನೆಯಿಂದ ಹೊರಟು ನನ್ನನ್ನು ನೋಡಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವುದು ರೂಢಿಯಾಯಿತು. ಅಂಥ ಒಂದು ಸಂಜೆ ನಾನು ಎಂದಿನಂತೆ, ಆಯ್ತಾ ಎಂದೆ. ಅವರು ಎಂದಿನ ಉತ್ತರ ಕೊಡಲಿಲ್ಲ.

"ನಾನು ಅವನನ್ನ ಕ್ಷಮ್ಸೋಕೆ ಹೋಗ್ತಿದ್ದೀನಾ, ಕ್ಷಮೆ ಕೇಳೋಕೆ ಹೋಗ್ತಿದ್ದೀನಾ, ಈಗೀಗ ಗೊತ್ತಾಗ್ತಿಲ್ಲ ಮಾರಾಯ" ಎಂದರು.

ಯಾಕೆ ಹಾಗನ್ನುತ್ತೀರಿ ಎಂದೆ. ಆ ಆಳು ಬಂದಿದ್ದನೇನೋ ಎಂದು ಈಚೆಗೆ ಅನ್ನಿಸುತ್ತಿದೆ ಎಂದರು. ಎರಕ ಹೊಯ್ಯುವ ಹೊತ್ತಿನಲ್ಲಿ ಯಾರು ಏನು ಹೇಳಿದರೂ ತನಗೆ ಹೂಂ ಎನ್ನುವ ಅಭ್ಯಾಸ. ಹೂಂ ಅಂದಿರಬಹುದು. ಕೇಳಿಸಿರಬಹುದು. ಕೇಳಿಸಿಯೂ ಮೊದಲು ಕೆಲಸ ಮುಗಿಯಲಿ ಎಂದುಕೊಂಡಿರಬಹುದು. ನೀನು ಅಲ್ಲೇ ಇದ್ದೆಯಲ್ಲ, ಹೇಳು ಎಂದರು. ನಾನು ಕೊಡೆಯ ಮನುಷ್ಯನ ವಿಷಯ ಹೇಳಿದೆ, ಮಳೆಗಾಲ ಬೇಸಿಗೆಯ ತೊಡಕನ್ನೂ ಹೇಳಿದೆ. ಅವರು, ಬಿಸಿಲಿಗೂ ಕೊಡೆ ಹಿಡಿಯುತ್ತಾರಲ್ಲ ಎಂದರು. ಒದ್ದೆಯಾಗಿತ್ತು ಎಂದೆ. ಹಾಗಾದರೆ ಅವನಲ್ಲ ಎಂದರು. ಸಮಾಧಾನವಾಯಿತೋ ನಿರಾಶೆಯಾಯಿತೋ, ಮುಖ ನೋಡಿ ಹೇಳುವಂತಿರಲಿಲ್ಲ. ಮುಂದಿನ ಮೊದಲ ಶನಿವಾರವೂ ಬಿಳಿ ಶರ್ಟು ಹಾಕಿಕೊಂಡು ಬಂದರು.

ಆಮೇಲೆ ಉಸಿರಾಟದ ಕಾಯಿಲೆ ಹಿಡಿಯಿತು. ಅಣ್ಣ ತೀರಾ ಇಳಿದುಹೋಗಿದ್ದಾರೆ ಎಂದು ಮೊದಲು ಕಂಡುಹಿಡಿದವನು ತಮ್ಮ, ಟೇಪು ಹೇಳಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಬಸ್ಸು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಶನಿವಾರ ಬಂತು, ಅವರು ಹೋಗಲಿಲ್ಲ. ಅಂದು ಸಂಜೆ ಅವರನ್ನು ನೋಡಲು ನಾನು ಭದ್ರಾವತಿಗೆ ಹೋಗಿದ್ದೆ. ಬಾಗಿಲು ಬಡಿದ ಸದ್ದಾಯಿತು. ತಮ್ಮ ನಿಂತಿದ್ದ, ಕೊರಳಲ್ಲಿ ಟೇಪು ಹಾಗೇ ಇತ್ತು. ಅಂಗಡಿಯಿಂದ ನೇರವಾಗಿ ಬಂದಿರಬೇಕು. ಅಷ್ಟು ವರ್ಷಗಳಲ್ಲಿ ಅವನು ಆ ದಿಕ್ಕಿನ ಬಸ್ಸು ಹತ್ತಿದ್ದು ಅದೇ ಮೊದಲು ಎಂದು ಅಕ್ಕ ಆಮೇಲೆ ಹೇಳಿದರು.

"ಕಾಫಿ ಮಾಡಿಟ್ಟು ಕಾದ್ವಿ ಅಣ್ಣ. ನೀವು ಬರ್ಲಿಲ್ಲ" ಎಂದ.

"ಇಲ್ಲೂ ಕಾಫಿ ಇದೆ, ಕೂತ್ಕೋ" ಎಂದರು ಮೇಸ್ತ್ರಿ.

ಮತ್ತೆ ಅದೇ ನೀರು, ಅದೇ ಕರೆಂಟು. ಸ್ವಲ್ಪ ಹೊತ್ತಿಗೆ ಪಾಸ್ಟರ್ ಬಂದರು. ಕಾಯಿಲೆಯವರಿಗೆ ಮನೆಯಲ್ಲೇ ಭೋಜನ ಕೊಡಲು ಅವರ ಬಳಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ, ಒಳಗೆ ಬೆರಳ ಗಾತ್ರದ ಲೋಟಗಳು, ರೊಟ್ಟಿಯ ಚೂರುಗಳು. ಮೇಸ್ತ್ರಿ ಹಾಸಿಗೆ ಹಿಡಿದ ಕೆಲವು ವಾರಗಳಲ್ಲೇ ಅವರು ಎರಡು ಮೂರು ಸಲ ತಂದಿದ್ದರಂತೆ, ಪ್ರತಿ ಸಲವೂ ಇವರು ಬೇಡವೆಂದಿದ್ದರಂತೆ. ಪಾಸ್ಟರ್ ಅಭ್ಯಾಸದಂತೆ ಪೆಟ್ಟಿಗೆ ತೆರೆದು, ತಗೊಳ್ತೀರಾ ಎಂದರು. ಮೇಸ್ತ್ರಿ ಮಲಗಿದ್ದಲ್ಲಿಂದಲೇ ತಮ್ಮನ ಕಡೆ ನೋಡಿದರು.

"ಮೊದಲು ಅವನಿಗೆ ಕೊಡಿ."

ತಮ್ಮ ಎದ್ದು ನಿಂತ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನಾನೂ ತಗೊಳ್ತಿಲ್ಲ ಅಯ್ಯನವರೇ. ಅಮ್ಮ ಹೋದಾಗಿಂದ" ಎಂದ.

ಹಾಗಾದರೆ ಇಷ್ಟು ವರ್ಷವೂ ಶಿವಮೊಗ್ಗದ ಚರ್ಚಿನಲ್ಲಿ ಇನ್ನೊಂದು ಬೆಂಚಿನ ಮೇಲೆ ಇನ್ನೊಬ್ಬ ಕೂತೇ ಇದ್ದ. ಅವನು ಏತಕ್ಕಾಗಿ ಕೂತಿದ್ದ? ಕಾಯದೆ ಮಣ್ಣು ಮಾಡಿದ್ದಕ್ಕೋ, ಕಾಯಿಸಿ ಬಾರದ ಅಣ್ಣನ ಮೇಲಿನ ಸಿಟ್ಟಿಗೋ? ಪ್ರತಿ ಮೊದಲ ಶನಿವಾರ ಕಾಫಿ ಮಾಡಿಕೊಂಡು ಅವನು ಕಾಯುತ್ತಿದ್ದದ್ದು ಕ್ಷಮಿಸಲಿಕ್ಕೋ, ಕ್ಷಮಿಸಲ್ಪಡಲಿಕ್ಕೋ? ಕೇಳುವುದು ನನ್ನ ಕೆಲಸವಲ್ಲ. ಇದು ಅವರ ಮನೆಯ, ಅವರ ಧರ್ಮದ ವಿಷಯ ಎನ್ನಿಸಿ ನಾನು ಎದ್ದು ಜಗುಲಿಗೆ ಬಂದೆ. ಒಳಗಿನಿಂದ ಒಂದು ನಗು ಕೇಳಿಸಿತು, ಆಮೇಲೆ ಕೆಮ್ಮು. ನಗು ಯಾರದೆಂದು ತಿಳಿಯಲಿಲ್ಲ.

ಆಮೇಲೆ ಏನಾಯಿತು ಎಂದು ನಾನು ಮೂವರನ್ನೂ ಕೇಳಿದ್ದೇನೆ. ಇಬ್ಬರೂ ತೆಗೆದುಕೊಂಡರು ಎಂದು ಅಕ್ಕ ಹೇಳುತ್ತಾರೆ. ಆದರೆ ಆಗ ತಾನು ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ನೋಡುತ್ತಿದ್ದೆ ಎಂದೂ ಹೇಳುತ್ತಾರೆ. ಅದು ನಾನು ಹೇಳುವ ವಿಷಯವಲ್ಲ ಸಾರ್ ಎಂದರು ಪಾಸ್ಟರ್. ತಮ್ಮ, "ಅಣ್ಣ ರೊಟ್ಟಿ ಕೈಲಿ ಹಿಡ್ಕೊಂಡ್ರು, ಹೆಬ್ಬೆಟ್ಟಲ್ಲಿ ಒತ್ತಿ ನೋಡಿದ್ರು" ಎಂದಷ್ಟೇ ಹೇಳಿ ನಿಲ್ಲಿಸಿದ. ಗುಳಿ ಬಿತ್ತೇ ಎಂಬ ಪ್ರಶ್ನೆ ಬಾಯಿಗೆ ಬಂತು. ಕೇಳಲಿಲ್ಲ. ರೊಟ್ಟಿಯಲ್ಲಿ ಯಾವಾಗಲೂ ಗುಳಿ ಬೀಳುತ್ತದೆ.

ಮುಂದಿನ ಮೊದಲ ಶನಿವಾರದವರೆಗೆ ಮೇಸ್ತ್ರಿ ಉಳಿಯಲಿಲ್ಲ.

ಮಣ್ಣು ಮಾಡಿದ ದಿನ ಮಧ್ಯಾಹ್ನವೇ ಪೆಟ್ಟಿಗೆ ಸ್ಮಶಾನಕ್ಕೆ ಬಂದಿತ್ತು. ಪ್ರಾರ್ಥನೆ ಆಯಿತು, ಹಾಡು ಆಯಿತು, ಪೆಟ್ಟಿಗೆ ಇಳಿಸಿದರು. ತಮ್ಮ ಬಂದಿರಲಿಲ್ಲ. ಹೊರಟಿದ್ದಾನೆ ಎಂದು ಅವನ ಅಂಗಡಿಯ ಪಕ್ಕದ ಬೂತಿನಿಂದ ಫೋನು ಬಂದಿತ್ತು, ಅಷ್ಟೆ. ಬಿಸಿಲು ಇಳಿಯತೊಡಗಿತು. ಗುಂಡಿ ತೋಡಿದ ಆಳುಗಳು ಸಲಿಕೆಯ ಮೇಲೆ ಕೈಯೂರಿ ನಿಂತು ನಿಂತು ಬೇಸತ್ತರು. ಸಭೆಯ ಹಿರಿಯರೊಬ್ಬರು ಬಂದು, ಮುಗಿಸೋಣವೇ ಎಂದು ಪಾಸ್ಟರನ್ನು ಕೇಳಿದರು. ಪಾಸ್ಟರ್ ಅಕ್ಕನ ಕಡೆ ನೋಡಿದರು. ಅಕ್ಕ ಮಣ್ಣಿನ ಗುಡ್ಡೆಯ ಪಕ್ಕ ನೆಲದ ಮೇಲೆ ಕೂತಿದ್ದರು.

"ತಮ್ಮ ಬರೋವರ್ಗೂ ಯಾರೂ ಮಣ್ಣು ಮುಟ್ಬಾರ್ದು. ಅವರು ಹೇಳಿದ್ದಾರೆ" ಎಂದರು.

ಕಾದೆವು. ಕೆಲವರು ಹೊರಟುಹೋದರು. ಉಳಿದವರು ಸಮಾಧಿಕಲ್ಲುಗಳ ಮೇಲೆ ಅಲ್ಲಲ್ಲಿ ಕೂತರು. ನನ್ನ ಪಕ್ಕದಲ್ಲಿ ಯಾರೋ ಫೌಂಡ್ರಿಯ ಹಳಬರು, ಇವತ್ತೂ ಮೇಸ್ತ್ರಿ ನಮ್ಮನ್ನ ಸುಮ್ನೆ ಮನೆಗೆ ಬಿಡಲ್ಲ ನೋಡು ಎಂದರು. ಕೊನೆಗೆ ತಮ್ಮ ಗೇಟಿನಿಂದ ಓಡಿ ಬಂದ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಂತೆ. ತೆರೆದ ಗುಂಡಿಯನ್ನು ನೋಡಿ, ಕೂತ ಜನರನ್ನು ನೋಡಿ, ಏನೂ ಅರ್ಥವಾಗದವನಂತೆ ನಿಂತ. "ಬಾ, ಕಾದಿದ್ದೀವಿ" ಎಂದರು ಅಕ್ಕ. ಅವನು ಚಪ್ಪಲಿ ಕಳಚಿ ಬಗ್ಗಿದ. ಆಮೇಲಿನದ್ದನ್ನು ಆಗಲೇ ಹೇಳಿದೆ.

ಎಷ್ಟೋ ತಿಂಗಳ ಮೇಲೆ ಅಕ್ಕನನ್ನು ಕೇಳಿದೆ, ಮೇಸ್ತ್ರಿ ಹಾಗೆ ಹೇಳಿದ್ದು ಯಾವಾಗ ಎಂದು. ಅವರು ಬಿಸಿಲಿಗೆ ಹರವಿದ್ದ ಮೆಣಸಿನಕಾಯಿ ತಿರುವುತ್ತಿದ್ದರು. "ಅವರೆಲ್ಲಿ ಹೇಳಿದ್ರು? ನಾನೇ ಹೇಳಿದ್ದು" ಎಂದರು. ಇನ್ನೊಂದು ಹಿಡಿ ತಿರುವಿ, "ಹೇಳಿದ್ರೋ ಏನೋ. ಕೊನೇಲಿ ತುಂಬ ಮಾತಾಡ್ತಿದ್ರು, ಒಂದೂ ತಿಳೀತಿರ್ಲಿಲ್ಲ" ಎಂದರು.

ಆ ಸಂಜೆ ಸ್ಮಶಾನದಿಂದ ಶಿವಮೊಗ್ಗಕ್ಕೆ ನಾನೂ ತಮ್ಮನೂ ಒಂದೇ ಬಸ್ಸಿನಲ್ಲಿ ಹೊರಟೆವು. ಅವನು ಕಿಟಕಿಯ ಕಡೆ ಕೂತ. ಬಸ್ಸು ಊರು ಬಿಟ್ಟ ಮೇಲೆ ಜೇಬಿನಿಂದ ಬಲಗೈ ತೆಗೆದ. ಮುಷ್ಟಿ ಹಾಗೇ ಬಿಗಿದಿತ್ತು. ಎಡಗೈಯಿಂದ ಕರವಸ್ತ್ರ ಬಿಡಿಸಲು ಹೆಣಗಿದ. ನಾನು ತೊಡೆಯ ಮೇಲೆ ಹರವಿಕೊಟ್ಟೆ. ಮುಷ್ಟಿ ಬಿಚ್ಚಿದ. ಕೆಂಪು ಮಣ್ಣು, ಕೈಯ ಬೆವರಿಗೆ ಉಂಡೆಗಟ್ಟಿತ್ತು, ಬೆರಳ ಗುರುತುಗಳು ಮೂಡಿದ್ದವು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದ.

"ನಿಮ್ಮ ಪಾಲಿನ ಮಣ್ಣು ಹಾಕ್ಲಿಲ್ವಾ?" ಎಂದೆ.

"ಇದು ನಂದಲ್ಲ. ಅಣ್ಣಂದು" ಎಂದ. "ಅಮ್ಮನಿಗೆ ಹಾಕೋದು ಉಳಿದಿತ್ತಲ್ಲ."

ಮುಚ್ಚಿದ ಮೇಲೆ ಹಾಕುವ ಮಣ್ಣಿನ ಬಗ್ಗೆ ಅವನ ಅಣ್ಣ ಹೇಳಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಬಸ್ಸು ನಿಲ್ಲುತ್ತಾ ಹೊರಡುತ್ತಾ ಸಾಗಿತು. ಶಿವಮೊಗ್ಗದ ದೀಪಗಳು ಕಾಣತೊಡಗಿದಾಗ, ಏನಾದರೂ ಮಾತಾಡಬೇಕೆಂದು, ಅಂತೂ ಇವತ್ತಿಗೆ ಎಲ್ಲಾ ಆಯ್ತಲ್ಲ ಎಂದೆ. ಅವನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಇನ್ನೂ ಇದೆ" ಎಂದ. "ಈ ಹೊತ್ತಿಗೆ ಅಮ್ಮ ಇರೋ ಸಿಮಿಟ್ರಿ ಗೇಟ್ ಹಾಕಿರ್ತಾರೆ. ಬೆಳಿಗ್ಗೆ ಹೋಗ್ಬೇಕು."